ಮೊಳಕಾಲ್ಮೂರಿನಿಂದ ತಂದ ಪರಿಚಯ

ಕಾಲೇಜಿನಲ್ಲಿ ನನಗಿಂತ ಕಿರಿಯರಾದವರು ಫೋನ್ ಮಾಡಿದರೆ ಮೊದಲ ಎರಡು ನಿಮಿಷ ನನ್ನ ಆರೋಗ್ಯ, ಮುಂಬೈಯ ಸೆಖೆ ವಿಚಾರಿಸುತ್ತಾರೆ. ಮೂರನೆಯ ನಿಮಿಷಕ್ಕೆ ನಿಜವಾದ ಮಾತು ಬರುತ್ತದೆ. "ಅಕ್ಕಾ, ಇನ್‌ವೆಸ್ಟ್‌ಮೆಂಟ್ ಬ್ಯಾಂಕಿಗೆ ಅರ್ಜಿ ಹಾಕೋಕೆ ರೆಫರಲ್ ಇದ್ರೆ ಎಷ್ಟು ಉಪಯೋಗ ಆಗುತ್ತೆ?"

ಮೂರು ವರ್ಷದಿಂದ ನನ್ನ ಉತ್ತರ ಒಂದೇ. ರೆಫರಲ್, ಅಂದರೆ ಒಳಗಿನವರೊಬ್ಬರ ಶಿಫಾರಸು, ಇದ್ದರೆ ನಿಮ್ಮ ಅರ್ಜಿ ಒಬ್ಬ ಮನುಷ್ಯನ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಆಮೇಲಿನದೆಲ್ಲ ನಿಮ್ಮ ಓದು, ನಿಮ್ಮ ಬುದ್ಧಿ. ಇಷ್ಟು ಹೇಳಿ ಮೊಳಕಾಲ್ಮೂರಿನ ಸೀರೆಯ ಕಥೆ ಸೇರಿಸುತ್ತೇನೆ. ನನ್ನ ಬುದ್ಧಿಗೆ ಅದೇ ಸಾಕ್ಷಿ. ಕೇಳಿದವರು ನಗುತ್ತಾರೆ, ಸ್ವಲ್ಪ ಮೆಚ್ಚುತ್ತಾರೆ, ಫೋನ್ ಇಡುತ್ತಾರೆ.

ಈಚೆಗೆ ರಜೆಯಲ್ಲಿ ಚಳ್ಳಕೆರೆಗೆ ಹೋದಾಗ ಆ ಕಥೆಯನ್ನು ಚೊಕ್ಕವಾಗಿ ಬರೆದಿಡೋಣವೆಂದು ಹಳೆಯ ದಿನಚರಿ ತೆಗೆದೆ. ತೆಗೆಯಬಾರದಿತ್ತು. ಉತ್ತರವೂ ಹೋಯಿತು, ಕಥೆಯೂ ಹೋಯಿತು. ಈಗ ಉಳಿದಿರುವುದನ್ನು ಬರೆಯುತ್ತಿದ್ದೇನೆ. ನೆನಪಿನಲ್ಲಿ ಇದ್ದ ಹಾಗೆ ಮೊದಲು ಹೇಳುತ್ತೇನೆ. ದಿನಚರಿ ತಕರಾರು ತೆಗೆದ ಕಡೆ ಅದಕ್ಕೂ ಮಾತಾಡಲು ಬಿಡುತ್ತೇನೆ.

ಆ ವರ್ಷ ನಾನು ಎಂ.ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ನನಗೆ ಬೇಕಿದ್ದದ್ದು ಒಂದೇ ಕೆಲಸ, ಇನ್‌ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಅನಲಿಸ್ಟ್ ಆಗುವುದು. ಆ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ಓದು ಮುಗಿಸಿದ ವರ್ಷವೇ. ಆ ವರ್ಷ ತಪ್ಪಿದರೆ ನೀವು ಹೊಸಬರೂ ಅಲ್ಲ, ಅನುಭವ ಇದ್ದವರೂ ಅಲ್ಲ. ಹಾಗಾಗಿ ಮಹಡಿ ಮೇಲೆ ಕೂತು ಒಂದೊಂದೇ ಬ್ಯಾಂಕಿನ ವೆಬ್‌ಸೈಟಿಗೆ ಅರ್ಜಿ ಕಳಿಸುತ್ತಿದ್ದೆ. ಒಂದು ಬ್ಯಾಂಕು ಎಷ್ಟು ಚುರುಕಾಗಿತ್ತೆಂದರೆ, ಅರ್ಜಿ ಕಳಿಸಿ ಕಾಫಿಗೆಂದು ಮೆಟ್ಟಿಲು ಇಳಿಯುವಷ್ಟರಲ್ಲಿ 'ನಿಮ್ಮ ಅರ್ಜಿಯನ್ನು ಬಹಳ ಎಚ್ಚರಿಕೆಯಿಂದ ಪರಿಶೀಲಿಸಿದೆವು' ಎಂದು ವಿಷಾದ ಬಂದಿತ್ತು.

ಅಪ್ಪನದು ಶೇಂಗಾ ಎಣ್ಣೆಯ ಗಿರಣಿ. ನಾನು ಯಾವ ಕೆಲಸಕ್ಕೆ ಇಷ್ಟು ಒದ್ದಾಡುತ್ತಿದ್ದೇನೆಂದು ಅವರಿಗೆ ವಿವರಿಸಲು ಹೋದೆ. "ಒಂದು ಕಂಪನಿನ ಇನ್ನೊಂದು ಕಂಪನಿ ಕೊಂಡ್ಕೊಳ್ಳುತ್ತಲ್ಲಪ್ಪಾ, ಆಗ ಇಬ್ಬರ ಮಧ್ಯೆ ಕೂತು ಬೆಲೆ ಕಟ್ಟಿ, ವ್ಯವಹಾರ ಕುದುರಿಸಿ..."

"ದಲಾಲಿ ಮಂಡಿ ಅನ್ನು," ಎಂದರು ಅಪ್ಪ.

ಎರಡು ವರ್ಷ ಓದಿದ್ದು ಎರಡು ಪದಕ್ಕೆ ಇಳಿಯಿತು.  ಯಾಕೆ ಅಲ್ಲ ಎನ್ನಲು ಇವತ್ತಿಗೂ ಕಾರಣ ಹುಡುಕುತ್ತಿದ್ದೇನೆ. 

"ಮಂಡಿಯಾಗೆ ಕೆಲ್ಸ ಬೇಕು ಅಂದ್ರೆ ಯಾರ್ ಕೈಲಾದ್ರೂ ಹೇಳಿಸ್ಬೇಕು. ಯಾರ್ ಕೈಲಿ ಹೇಳ್ಸಿದೀಯಾ?"

"ಹಂಗೆಲ್ಲ ಇಲ್ಲಪ್ಪಾ ಅಲ್ಲಿ. ಮಾರ್ಕ್ಸು, ಪ್ರತಿಭೆ ನೋಡ್ತಾರೆ."

ಪಕ್ಕದಲ್ಲಿ ಗಿರಣಿಯ ಮೋಟಾರು ಬಿಚ್ಚಿ ಹರಡಿಕೊಂಡು ಕೂತಿದ್ದ ಚಾಚಾ ತಲೆ ಎತ್ತಿದರು. ಅವರು ಅಪ್ಪನ ಜೊತೆ ಪ್ರೈಮರಿ ಶಾಲೆಯಲ್ಲಿ ಓದಿದವರು, ಊರಿನ ಅರ್ಧ ಗಿರಣಿಗಳ ಮೆಕ್ಯಾನಿಕ್. ನಾನು ಹುಟ್ಟಿದಾಗಿನಿಂದ ನನಗೆ ಚಾಚಾ. "ಬೇಟಿ, ಪ್ರತಿಭೆ ಐತೆ ಅಂತ ಅವ್ರಿಗೆ ಹೇಳೋರು ಯಾರು? ಅದನ್ನೇ ಸಿಫಾರಿಶ್ ಅನ್ನೋದು."

ನಾನು ಸಿಟ್ಟಿನಿಂದ ಮಹಡಿ ಹತ್ತಿ ಹೋದೆ. ಹೋಗಿ ಅದೇ ಕೆಲಸ ಮಾಡಿದೆ. ನನಗಿಂತ ಒಂದು ವರ್ಷ ಸೀನಿಯರ್ ಅಕ್ಕ ಒಬ್ಬರು ಮುಂಬೈಯಲ್ಲಿ ಅಂಥದೇ ಬ್ಯಾಂಕಿನಲ್ಲಿದ್ದರು. ಕಾಲೇಜಿನಲ್ಲಿ ಅವರೊಡನೆ ನಾನು ಆಡಿದ ಒಟ್ಟು ಮಾತು, 'ಈ ಕುರ್ಚಿ ಖಾಲಿ ಇದೆಯಾ?' ಎಂಬುದು. ಆ ಆಧಾರದ ಮೇಲೆ, ರೆಫರಲ್ ಕೊಡುತ್ತೀರಾ ಎಂದು ಕೇಳಿ ದೊಡ್ಡ ಮೆಸೇಜ್ ಬರೆದೆ.

ಅವರು ಒಳ್ಳೆಯವರು, ಉತ್ತರ ಬರೆದರು. ಬ್ಯಾಂಕಿನ ಒಳಗಿನ ಫಾರಂನಲ್ಲಿ ನನ್ನ ಹೆಸರು ಹಾಕಲು ಅಡ್ಡಿಯಿಲ್ಲ. ಆದರೆ ಅದರಲ್ಲಿ ಒಂದು ಕಾಲಂ ಇದೆ: ಅಭ್ಯರ್ಥಿ ನಿಮಗೆ ಹೇಗೆ ಪರಿಚಯ? 'ಅಲ್ಲಿ ಏನು ಬರೀಲಿ? ನೀನು ಯಾರು ಅಂತಾನೇ ನೆನಪಾಗ್ತಿಲ್ಲ. ಶುಕ್ರವಾರ ಕೊನೆ ದಿನ. ಯೋಚಿಸಿ ಹೇಳ್ತೀನಿ.'

ಯೋಚಿಸಿ ಹೇಳುತ್ತೇನೆ ಎಂದರೆ ಏನೆಂದು ನನಗೂ ಗೊತ್ತು. ಊಟದ ಹೊತ್ತಿಗೆ ಮುಖ ಇಳಿಬಿಟ್ಟುಕೊಂಡು ಕೂತಿದ್ದೆ. ಅಪ್ಪ ಬಿಡದೆ ಕೇಳಿದರು, ಹೇಳಿದೆ.

"ಪರಿಚಯ ಇಲ್ಲ ಅಂದ್ಲಾ? ಮಾಡ್ಕಂಡ್ರಾತು. ಯಾವೂರೋಳು?"

"ಇರೋದು ಮುಂಬೈ. ಊರು ಮೊಳಕಾಲ್ಮೂರು. ಅವ್ರ ಅಮ್ಮ ಮಗ್ಗ ಇಟ್ಕೊಂಡಿದಾರೆ."

ಅಪ್ಪ ಕೈ ತೊಳೆಯಲು ಎದ್ದರು. "ಮುಂಬೈ ಆದ್ರೆ ಕಷ್ಟ ಇತ್ತು. ಮೊಳಕಾಲ್ಮೂರಿಗೇನು, ನಾಳೆ ಬೆಳಿಗ್ಗೆ ಹೋಗಾನ."

ನಮ್ಮ ಕಡೆ ಯಾವ ಕೆಲಸಕ್ಕೇ ಆಗಲಿ, ಕೇಳಲು ಹೋಗುವಾಗ ಮೂವರು ಇರಬೇಕು. ಕೆಲಸ ಬೇಕಾದವರು ಒಬ್ಬರು, ಅವರ ಮನೆಯ ಹಿರಿಯರು ಒಬ್ಬರು, ಇನ್ನೊಬ್ಬರು ಸುಮ್ಮನೆ. ಈ ಮೂರನೆಯವರಿಗೆ ಏನೂ ಕೆಲಸವಿರುವುದಿಲ್ಲ. ಮಾತು ನಿಂತಾಗ ಮಳೆ ಬೆಳೆಯ ಸುದ್ದಿ ತೆಗೆಯುವುದು, ಎದ್ದು ಬರುವಾಗ 'ಹಂಗಾದ್ರೆ ನೋಡ್ರಿ, ಒಂದೀಟು ಮನಸು ಮಾಡ್ರಿ' ಎನ್ನುವುದು, ಅಷ್ಟೇ. ಚಾಚಾ ಆ ಸ್ಥಾನಕ್ಕೆ ಬಂದರು. ಅಪ್ಪ ಐದು ಲೀಟರಿನ ಎಣ್ಣೆ ಕ್ಯಾನನ್ನು ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿ, ಉರುಳಬಾರದೆಂದು ಸೀಟ್ ಬೆಲ್ಟ್ ಹಾಕಿದರು. ನನಗೆ ಹಾಕಿಕೋ ಎನ್ನಲಿಲ್ಲ.

ದಾರಿಯುದ್ದಕ್ಕೂ ಚಾಚಾ ನನಗೆ ಧೈರ್ಯ ಹೇಳಿದರು. ಕುದಾಪುರದ ಹುಲ್ಲುಗಾವಲಿನಲ್ಲಿ ವಿಜ್ಞಾನಿಗಳ ದೊಡ್ಡ ದೊಡ್ಡ ಕಾಂಪೌಂಡುಗಳು ಎದ್ದಾಗ ಅಲ್ಲಿ ಒಂದು ಪಂಪು ರಿಪೇರಿಗೆ ಅವರಿಗೆ ಕರೆ ಬಂದಿತ್ತಂತೆ. "ಅಷ್ಟೊಂದು ಓದಿದೋರು, ನನ್ ಹೆಸರು ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ಟೀ ಕೊಡೋನು ಹೇಳಿದ್ದ. ಹೇಳೋರು ದೊಡ್ಡೋರೇ ಆಗ್ಬೇಕು ಅಂತ ಇಲ್ಲ ಬೇಟಿ, ಒಳಗಡೆ ಇರ್ಬೇಕು, ಅಷ್ಟೇ."

"ಪಂಪು ಸರಿ ಮಾಡಿದ್ಯೇನ್ಲೇ?" ಎಂದರು ಅಪ್ಪ.

"ಅದು ಕೆಟ್ಟೇ ಇರ್ಲಿಲ್ಲ. ಸ್ವಿಚ್ ಹಾಕಿರ್ಲಿಲ್ಲ ಅವ್ರು."

ಮೊಳಕಾಲ್ಮೂರಿನ ಮನೆಯಲ್ಲಿ ಸೀನಿಯರ್ ಅವರ ತಾಯಿ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದರು. ಒಳಗೆ ಎರಡು ಮಗ್ಗಗಳ ಸದ್ದು. ತೆಲುಗಿನಲ್ಲಿ ಶುರುವಾದ ಅವರ ಮಾತು ಕನ್ನಡದಲ್ಲಿ ಮುಗಿಯುತ್ತಿತ್ತು. ಆ ಊರಿನಲ್ಲಿ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ಕೂರ್ಚೋಂಡಿ, ಕೂತ್ಕಳ್ರಿ. ಏಮ್ಮಾ, ನೀನ್ಯಾಕೆ ನಿಂತೇ ಇದೀಯಾ?"

ಅಪ್ಪ ವಿಷಯ ತೆಗೆದರು. "ಅಕ್ಕಾರೆ, ನಮ್ಮ ಹುಡುಗಿ ನಿಮ್ಮ ಮಗಳಿಗೆ ಪರಿಚಯ ಇಲ್ವಂತೆ. ಅದಕ್ಕೇ ಪರಿಚಯ ಮಾಡ್ಸಾನ ಅಂತ ಬಂದ್ವಿ."

"ಮಗಳು ಇಲ್ಲಿಲ್ವಲ್ರಿ."

"ನೀವಿದೀರಲ್ರಿ."

ಆ ತಾಯಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಎಣ್ಣೆ ಕ್ಯಾನು ನೋಡಿದರು. ಸರಿಯಾಗಿ ಆಗಲೇ ಮುಂಬೈಯಿಂದ ಮಗಳ ಫೋನ್ ಬಂತು. ತಾಯಿ ಖುಷಿಯಿಂದ, "ನಿನ್ನ ಬ್ಯಾಂಕಿನ ಹುಡುಗಿ ಬಂದೈತಮ್ಮಾ, ಎಣ್ಣೆ ತಂದವ್ರೆ," ಎಂದು ಸ್ಪೀಕರ್ ಹಾಕಿದರು. ಆ ಕಡೆಯಿಂದ ಮಗಳು ಕಿರುಚಿದರು.

"ಅಮ್ಮಾ, ಮುಟ್ಟಬೇಡ! ಆ ಎಣ್ಣೆ ಮುಟ್ಟಬೇಡ!"

ವಿಷ ಇರಬಹುದೆಂಬಂತೆ ಎಲ್ಲರೂ ಕ್ಯಾನಿನತ್ತ ತಿರುಗಿದೆವು. ರೆಫರಲ್ ಕೊಡುವವರು ಅಭ್ಯರ್ಥಿಯಿಂದ ಉಡುಗೊರೆ ತೆಗೆದುಕೊಳ್ಳುವಂತಿಲ್ಲವಂತೆ. ತೆಗೆದುಕೊಂಡರೆ ಆಫೀಸಿನಲ್ಲಿ ಘೋಷಿಸಬೇಕು. ಘೋಷಿಸಿದರೆ ನನ್ನ ಅರ್ಜಿಯೂ ಹೋಯಿತು, ಅವರ ಮಾನವೂ ಹೋಯಿತು.

ಅಪ್ಪನಿಗೆ ಬೇಸರವಾಯಿತು. "ಇದು ಲಂಚ ಅಲ್ಲಮ್ಮಾ, ಎಣ್ಣೆ," ಎಂದು ಫೋನಿಗೆ ಹೇಳಿ ನೋಡಿದರು. ಬರಿಗೈಯಲ್ಲಿ ಬೇರೆಯವರ ಮನೆಗೆ ಹೋಗುವುದು ಹೇಗೆಂದು ಅವರ ಪ್ರಶ್ನೆ. ಅದಕ್ಕೆ ಬ್ಯಾಂಕಿನ ನಿಯಮಗಳಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಕ್ಯಾನು ಕಾರಿಗೆ ವಾಪಸ್ ಹೋಯಿತು. ಅಪ್ಪ ಮತ್ತೆ ಅದಕ್ಕೆ ಬೆಲ್ಟ್ ಹಾಕಿ ಬಂದರು.  ಚಾಚಾ ಮಳೆಯ ಸುದ್ದಿ ತೆಗೆದರು, ಅದು ಎರಡು ವಾಕ್ಯಕ್ಕೆ ಮುಗಿಯಿತು. ಅವರು ಎದ್ದು, "ಒಳಗೆ ಅದೇನು ಸದ್ದು, ಹಂಗೆ ಬರಬಾರದಲ್ಲ," ಎಂದುಕೊಂಡು ಮಗ್ಗದ ಕಡೆ ಹೋದರು.

ಇನ್ನು ಮುಂದಿನದು ನನ್ನ ಪ್ರಸಿದ್ಧ ಕಥೆ. ಆ ತಾಯಿ ಒಳಗಿನಿಂದ ಒಂದು ಸೀರೆ ತಂದು ನನ್ನ ಮುಂದೆ ಹರಡಿದರು. ಕಡುನೇರಳೆ ಬಣ್ಣ, ಒಡಲ ತುಂಬ ಸಾಲುಸಾಲು ಜರಿಯ ಬುಟ್ಟಾ ಹೂಗಳು. "ನೋಡಮ್ಮಾ, ಹೆಂಗೈತೆ? ಎಷ್ಟು ಬೆಲೆ ಬಾಳಬಹುದು ಹೇಳು." ಅಪ್ಪ ನನ್ನ ಮೊಣಕೈ ತಿವಿದರು. ಇದು ಪರೀಕ್ಷೆ ಎಂದು ನಮ್ಮಿಬ್ಬರಿಗೂ ಒಟ್ಟಿಗೇ ಅರ್ಥವಾಗಿತ್ತು. ಬೆಲೆ ಕಟ್ಟುವ ಕೆಲಸಕ್ಕೆ ಹೋಗುವವಳು ಬೆಲೆ ಕಟ್ಟಿ ತೋರಿಸಬೇಡವೇ! ನಾನು ನೆಲಕ್ಕೆ ಕೂತು ಅಂಚು, ಸೆರಗು, ಒಡಲು ಎಲ್ಲ ನೋಡಿದೆ. ಮೂರನೆಯ ಸಾಲಿನಲ್ಲಿ ಒಂದು ಬುಟ್ಟಾ ಅರ್ಧಕ್ಕೇ ನಿಂತಿತ್ತು. ಅದರ ಮೇಲೆ ಬೆರಳಿಟ್ಟು, "ಇದೊಂದು ಇಲ್ದಿದ್ರೆ ಪೂರಾ ಬೆಲೆ. ಇದಿರೋದ್ರಿಂದ ಕಡಿಮೆ," ಎಂದೆ. ಆ ತಾಯಿ ನಕ್ಕುಬಿಟ್ಟರು. ಅದೇ ಸಂಜೆ ಸೀನಿಯರ್ ಮೆಸೇಜ್ ಮಾಡಿದರು: 'ನಿನ್ನ ಹೆಸರು ಹಾಕಿದೀನಿ. ಪರಿಚಯದ ಕಾಲಂನಲ್ಲಿ, ನಮ್ಮ ತಾಯಿಗೆ ಚೆನ್ನಾಗಿ ಗೊತ್ತು ಅಂತ ಬರೆದಿದೀನಿ.' ಸೀರೆಯನ್ನು ಅಪ್ಪ ನಮ್ಮ ಅವ್ವನಿಗೆಂದು ಕೊಂಡರು.

ಮುಂದಿನ ವಾರ ಬ್ಯಾಂಕಿನಿಂದ ಕರೆ ಬಂತು. ಮೆಟ್ಟಿಲು ಇಳಿಯುವ ಮೊದಲೇ ವಿಷಾದ ಬರುತ್ತಿದ್ದ ನನಗೆ ಒಬ್ಬ ಮನುಷ್ಯ ಫೋನ್ ಮಾಡಿದ್ದ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಆ ಕಾಲಂ ಬಗ್ಗೆ. "ತಾಯಿಗೆ ಚೆನ್ನಾಗಿ ಗೊತ್ತು ಅಂದರೆ ಏನು?" ನಾನು ಸೀರೆಯ ಕಥೆ ಹೇಳಿದೆ. ಮೇಜಿನ ಆ ಕಡೆಯ ಮೂವರೂ ಮುಂದಕ್ಕೆ ಬಾಗಿದರು. ಒಬ್ಬರು ಆ ಸೀರೆಯನ್ನೇ ಕಂಪನಿ ಅಂದುಕೊಂಡು ಬೆಲೆ ಕಟ್ಟು ಎಂದರು, ಕಟ್ಟಿದೆ. ಆಮೇಲೆ ಇನ್ನೂ ಮೂರು ಸುತ್ತು ಇತ್ತು, ಅವುಗಳಲ್ಲಿ ಸೀರೆ ಇರಲಿಲ್ಲ, ಬರೀ ಲೆಕ್ಕ, ಬೆವರು. ಅಂತೂ ಕೆಲಸ ಸಿಕ್ಕಿತು.

ಇದು ನೆನಪು. ಈಗ ದಿನಚರಿ.

ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಎಣ್ಣೆ ವಾಪಸ್. ಅಪ್ಪನಿಗೆ ಬೇಜಾರು. ಮಜ್ಜಿಗೆ ಕೊಟ್ಟರು. ಸೀರೆ ತೋರಿಸಿದರು. ನನಗೇನೂ ಕಾಣಲಿಲ್ಲ, ಚೆನ್ನಾಗಿದೆ ಚೆನ್ನಾಗಿದೆ ಅಂದೆ. ಚಾಚಾ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತು, ಬೇಟಿ, ಮೂರನೇ ಸಾಲು ನೋಡು ಅಂದರು. ಬೆರಳಿಟ್ಟೆ.'

ಬೆರಳು ನನ್ನದು. ನೆನಪು ಬೆರಳನ್ನು ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಟ್ಟಿದೆ.

ಪುಟವನ್ನು ನಾಲ್ಕು ಸಲ ಓದಿದೆ. ಅವತ್ತು ಸುಸ್ತಿನಲ್ಲಿ ತಪ್ಪು ಬರೆದಿರಬಹುದೇ ಎಂದು ಯೋಚಿಸಿದೆ. ಆದರೆ ಸಂದರ್ಶನಕ್ಕೆ ಮೊದಲು ಬರೆದ ಪುಟಕ್ಕೆ ಸುಳ್ಳು ಹೇಳಿ ಏನಾಗಬೇಕಿತ್ತು? ಆಮೇಲೆ ಸುಳ್ಳು ಬೇಕಾದದ್ದು ನನಗೆ. ಮೂವರ ಮುಂದೆ ಕೂತು, ಕಾಣದ್ದನ್ನು ಕಂಡೆ ಎಂದು ಹೇಳಿ, ಅದರ ಮೇಲೆ ಕೆಲಸ ತೆಗೆದುಕೊಂಡವಳು ನಾನು. ರೆಫರಲ್ ಬರೀ ಅರ್ಜಿ ತೋರಿಸುತ್ತದೆ, ಮಿಕ್ಕಿದ್ದು ಬುದ್ಧಿ ಎಂದು ಮೂರು ವರ್ಷ ಉಪದೇಶ ಮಾಡಿದ್ದೇನೆ. ಹಾಗಾದರೆ ಆ ಬುದ್ಧಿ ಯಾರದು? ಬ್ಯಾಂಕಿನ ಆ ಕುರ್ಚಿ ನಿಜಕ್ಕೂ ನನ್ನದೇನು?

ತಡೆಯಲಾರದೆ ಮೊಳಕಾಲ್ಮೂರಿಗೆ ಹೋದೆ. ಅಪ್ಪನಿಗೆ ಗಿರಣಿಯಲ್ಲಿ ಕೆಲಸವಿತ್ತು, ಚಾಚಾ ಕೆಮ್ಮಿನಿಂದ ಮಲಗಿದ್ದರು. ಈ ಸಲ ಒಬ್ಬಳೇ, ಎಣ್ಣೆ ಇಲ್ಲದೆ.

ಆ ತಾಯಿ ಗುರುತು ಹಿಡಿದರು. ಮಜ್ಜಿಗೆ ಕೊಟ್ಟರು, ದಿನಚರಿ ಹೇಳಿದ್ದೇ ಸರಿ ಎಂಬುದಕ್ಕೆ ಇನ್ನೊಂದು ಅಂಕ. ನಾನು ಲೋಟ ಕೆಳಗಿಟ್ಟು ತಪ್ಪೊಪ್ಪಿಕೊಂಡೆ. "ಅಮ್ಮಾ, ಅವತ್ತು ನೀವು ಸೀರೆ ತೋರ್ಸಿ ಪರೀಕ್ಷೆ ಮಾಡಿದ್ರಲ್ಲ, ತಪ್ಪು ಕಂಡುಹಿಡಿದಿದ್ದು ನಾನಲ್ಲ."

"ಏ ಪರೀಕ್ಷೆ? ಯಾವ್ದಮ್ಮಾ?"

"ಸೀರೆ ಹರಡಿ, ಬೆಲೆ ಹೇಳು ಅಂದ್ರಲ್ಲಾ..."

"ಅಯ್ಯೋ ದೇವುಡಾ, ಮಾರಾಕೆ ತೋರ್ಸಿದ್ದಮ್ಮಾ ಅದು! ಮನೆ ಬಾಗ್ಲಿಗೆ ಕಾರಲ್ಲಿ ಬಂದವ್ರೆ, ಸೀರೆ ತೋರಿಸ್ದೆ ಕಳಿಸ್ತಾರಾ ಯಾರಾದ್ರೂ?"

ನನ್ನ ಮುಖ ನೋಡಿ ಅವರಿಗೆ ನಗು ಬಂತು. "ಅರ್ಧ ಬುಟ್ಟಾ ಐತೆ ಅಂತ ನಂಗೂ ಗೊತ್ತಿತ್ತು. ಅದಕ್ಕೇ ಅದನ್ನ ತೋರ್ಸಿದ್ದು. ಆ ಮಿಸ್ತ್ರಿ ಬಾಯಿ ಬಿಡ್ದೆ ಇದ್ದಿದ್ರೆ ನಿಮ್ಮಪ್ಪ ಪೂರಾ ಬೆಲೆ ಕೊಟ್ಟು ಕೈಮುಗಿದು ಹೋಗ್ತಿದ್ದ."

"ಹಂಗಾದ್ರೆ ನನ್ನ ಹೆಸರು ಹಾಕು ಅಂತ ಅಕ್ಕನಿಗೆ ಯಾಕೆ ಹೇಳಿದ್ರಿ? ನನ್ನಲ್ಲಿ ಏನು ನೋಡಿದ್ರಿ?"

"ನಿನ್ನಲ್ಲಾ?" ಅವರು ಪ್ರಾಮಾಣಿಕವಾಗಿ ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು. ನಾನು ಕಾದೆ. "ನೀನು ಚೆನ್ನಾಗೇ ಇದ್ದೆ ಬಿಡು," ಎಂದರು ಕೊನೆಗೆ. "ಬಾ ಇಲ್ಲಿ."

ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಮಗ್ಗದ ಪಕ್ಕದಲ್ಲಿ ನೂಲು ಸುತ್ತುವ ಒಂದು ಸಣ್ಣ ಮೋಟಾರು ತಿರುಗುತ್ತಿತ್ತು. "ಹದಿನೈದು ದಿನದಿಂದ ಕಿರುಚ್ತಿತ್ತು. ಇಬ್ರು ಬಂದು ನೋಡಿ, ಹೊಸದು ತಗೋ ಅಂದಿದ್ರು. ನೀವು ಅಲ್ಲಿ ಮಜ್ಜಿಗೆ ಕುಡಿಯೋ ಹೊತ್ತಿಗೆ ಆ ಮನುಷ್ಯ ಬಿಚ್ಚಿ, ಒರೆಸಿ, ಅದೇನೋ ಒಂದು ಬಿಗಿ ಮಾಡಿ ಓಡಿಸೇಬಿಟ್ಟ. ಮೂರು ವರ್ಷ ಆಯ್ತು, ಒಂದು ದಿನ ನಿಂತಿಲ್ಲ. ನೀವು ಹೋಗಿದ್ದೇ ತಡ ಮಗಳಿಗೆ ಫೋನ್ ಮಾಡ್ದೆ. ಈಗ್ಲೇ ಬರೆದು ಹಾಕಮ್ಮಾ, ಇಲ್ಲಾಂದ್ರೆ ಮತ್ತೆ ಕೆಟ್ಟಾಗ ಆ ಮಿಸ್ತ್ರಿ ಬರಲ್ಲ ಅಂದೆ."

ನಾನು ಮೋಟಾರನ್ನು ನೋಡುತ್ತ ನಿಂತೆ. ಅದು ತನ್ನ ಪಾಡಿಗೆ ತಿರುಗುತ್ತಿತ್ತು. ಐದು ಲೀಟರ್ ಎಣ್ಣೆಯನ್ನು ಉಡುಗೊರೆಯೆಂದು ಹೊರಗಟ್ಟಿದ ನಿಯಮಗಳ ಕಣ್ಣೆದುರೇ ಇದು ನಡೆದಿತ್ತು. ಇದನ್ನು ಘೋಷಿಸಬೇಕಾದವರು ಯಾರು, ಯಾವ ಕಾಲಂನಲ್ಲಿ?

ಅವಮಾನವಾಗಬೇಕಿತ್ತೇನೋ. ಕಾರಿನಲ್ಲಿ ವಾಪಸ್ ಬರುವಾಗ ಅದು ಬರಲೆಂದು ಕಾದೆ, ಬರಲಿಲ್ಲ. ಕರೆ ಬಂದದ್ದು ಮೋಟಾರಿನಿಂದ, ಮೊದಲ ಸುತ್ತು ಗೆದ್ದದ್ದು ಚಾಚಾನ ಕಣ್ಣಿನಿಂದ. ಉಳಿದ ಮೂರು ಸುತ್ತು ಮಾತ್ರ ನನ್ನವು, ಅವುಗಳ ಬಗ್ಗೆ ನನಗೆ ಒಂದು ಕಥೆಯೂ ನೆನಪಿಲ್ಲ. ನೆನಪಿಲ್ಲದ್ದರಿಂದಲೇ ಅವು ನಿಜವಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆ ಮೂರು ಸುತ್ತಿನ ಬಗ್ಗೆ ದಿನಚರಿ ಏನು ಹೇಳುತ್ತದೆಂದು ನೋಡಿಲ್ಲ. ನೋಡುವುದೂ ಇಲ್ಲ.

ಮಾರನೆಯ ದಿನ ಚಾಚಾನ ಮನೆಗೆ ಹೋಗಿ ಎಲ್ಲ ಹೇಳಿದೆ. ಕಂಬಳಿ ಹೊದ್ದು ಕೂತಿದ್ದವರು ಕೆಮ್ಮುತ್ತಲೇ ನಕ್ಕರು. "ಮೋಟಾರಿನ ಕಾರ್ಬನ್ ಬ್ರಷ್ ಸವೆದಿತ್ತು ಬೇಟಿ, ಅಷ್ಟೇ. ಜೇಬಿನಾಗೆ ಒಂದು ಇತ್ತು, ಹಾಕ್ದೆ." ನನ್ನ ಕೆಲಸದ ಪೂರ್ತಿ ಕಾರಣ ಅವರ ಅಂಗಿಯ ಜೇಬಿನಲ್ಲಿ ಇದ್ದ ಗುಂಡಿ ಗಾತ್ರದ ಒಂದು ಸಾಮಾನು.

"ಅಪ್ಪಂಗೂ ಹೇಳ್ತೀನಿ ಚಾಚಾ."

"ಬ್ಯಾಡ ಬ್ಯಾಡ. ಅವ್ನು ಮೂರು ವರ್ಷದಿಂದ ಊರೆಲ್ಲ ಹೇಳ್ಕೊಂಡು ತಿರುಗ್ತಾ ಅವ್ನೆ, ಎಣ್ಣೆ ನೋಡಿ ಕೆಲ್ಸ ಕೊಟ್ರು ಅಂತ."

"ಎಣ್ಣೆ ವಾಪಸ್ ಬಂತಲ್ಲ!"

"ತಗೊಳ್ದೆ ಇದ್ರೂ ನೋಡಿದ್ರಲ್ಲ, ಅಂತಾನೆ. ಇರ್ಲಿ ಬಿಡು, ಅವನ ಎಣ್ಣೆ."

ಮುಂಬೈಗೆ ಬಂದ ಮೇಲೆ, ನಿನ್ನೆ, ಕಾಲೇಜಿನ ಒಬ್ಬಳು ಹುಡುಗಿ ಫೋನ್ ಮಾಡಿದಳು. ಆರೋಗ್ಯ, ಸೆಖೆ, ಆಮೇಲೆ ಪ್ರಶ್ನೆ. ರೆಫರಲ್‌ನಿಂದ ಎಷ್ಟು ಉಪಯೋಗ ಅಕ್ಕಾ, ಒಂದು ಕೊಡ್ತೀರಾ? ಹಳೆಯ ಉತ್ತರ ಬಾಯಿಗೆ ಬಂತು, ನುಂಗಿಕೊಂಡೆ. ಪರಿಚಯದ ಆ ಕಾಲಂ ನನ್ನ ಕಣ್ಣ ಮುಂದೆ ಇತ್ತು. ಅವಳು ಯಾರೆಂದು ನನಗೂ ಗೊತ್ತಿರಲಿಲ್ಲ.

"ನಿಮ್ಮ ಜೊತೆ ಸುಮ್ಮನೆ ಬರೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದೆ. "ಮೋಟಾರು ರಿಪೇರಿ ಗೊತ್ತಿರೋರು?"

 ಲೈನು ಸರಿಯಿಲ್ಲ ಎಂದುಕೊಂಡು ಅವಳು ಫೋನ್ ಇಟ್ಟು ಮತ್ತೆ ಮಾಡಿದಳು. ನಾನು, ನಿಮ್ಮ ಊರು ಯಾವುದು, ನಿಮ್ಮ ಅವ್ವ ಏನು ಮಾಡುತ್ತಾರೆ ಎಂದು ಮೊದಲಿನಿಂದ ಕೇಳತೊಡಗಿದೆ.